ಎನ್‌ಐಎಚ್ ಗ್ರಾಂಟ್‌ಗೆ ಅರ್ಜಿ ಬರೆಯುವ ಮುಂಚೆ ಮಾಡಬೇಕಾದ ಕೆಲಸ: ಆರೋಗ್ಯ ಮತ್ತು ವರ್ತನೆಯ ಸಂಶೋಧಕರಿಗೆ

ಅಮೆರಿಕ ಸರ್ಕಾರದ ದುಡ್ಡಿನಲ್ಲಿ ಆರೋಗ್ಯ ಸಂಶೋಧನೆ ಅಂದ ಕೂಡಲೇ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಎನ್‌ಐಎಚ್, ಅಂದರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್. ಹೆಸರು ಒಂದೇ ಆದರೂ ಒಳಗೆ 27 ಇನ್‌ಸ್ಟಿಟ್ಯೂಟ್ ಮತ್ತು ಸೆಂಟರ್‌ಗಳಿವೆ. ಒಂದೊಂದಕ್ಕೂ ಅದರದ್ದೇ ಆಸಕ್ತಿ, ಅದರದ್ದೇ ಹಠ. ಮನುಷ್ಯರ ವರ್ತನೆ ಬಗ್ಗೆ ಕೆಲಸ ಮಾಡುವವರು ಎಡವುವುದು ಬಹುಪಾಲು ಇಲ್ಲೇ. ಅರ್ಜಿ ಸೊಗಸಾಗಿ ಬರೆದಿರುತ್ತಾರೆ, ಆದರೆ ಯಾರಿಗೆ ಬರೆದಿದ್ದೇವೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುವ ಶೈಲಿಗಿಂತ ಬರೆಯುವ ಮುಂಚಿನ ಕೆಲಸದ ಬಗ್ಗೆ ಜಾಸ್ತಿ ಹೇಳುತ್ತೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಿಗರೇಟು ಬಿಡಬೇಕು ಅಂತಿರುವವರಿಗೆ ಮೊಬೈಲಿಗೆ ದಿನಾ ಮೆಸೇಜ್ ಕಳಿಸಿದರೆ ಬಿಡುವವರು ಹೆಚ್ಚುತ್ತಾರಾ ಅಂತ ನೋಡುವ ಅಧ್ಯಯನ. ಇದು ಯಾರಿಗೆ ಸೇರಬೇಕು? ನಿಕೋಟಿನ್ ಚಟದ ಕಡೆಯಿಂದ ನೋಡಿದರೆ ಮಾದಕ ವ್ಯಸನದ ಇನ್‌ಸ್ಟಿಟ್ಯೂಟ್ ಆದ ನೈಡಾಕ್ಕೆ. ಕ್ಯಾನ್ಸರ್ ತಡೆಯುವ ಕಡೆಯಿಂದ ನೋಡಿದರೆ ಎನ್‌ಸಿಐಗೆ. ಹೃದಯದ ಕಾಯಿಲೆ ಅಂದರೆ ಎನ್‌ಎಚ್‌ಎಲ್‌ಬಿಐ, ವಯಸ್ಸಾದವರು ಅಂದರೆ ಎನ್‌ಐಎ, ಬಸುರಿಯರು ಮತ್ತು ಮಕ್ಕಳು ಅಂದರೆ ಎನ್‌ಐಸಿಎಚ್‌ಡಿ, ಖಿನ್ನತೆಯಲ್ಲಿರುವವರು ಅಂದರೆ ಎನ್‌ಐಎಂಎಚ್. ಮೆಸೇಜ್ ಅದೇ, ಮೊಬೈಲ್ ಅದೇ. ಆದರೆ ಯಾರನ್ನು ಸೇರಿಸಿಕೊಳ್ಳುತ್ತೀರಿ, ಕೊನೆಗೆ ಏನನ್ನು ಅಳೆಯುತ್ತೀರಿ ಅನ್ನುವುದರ ಮೇಲೆ ಮನೆ ಬದಲಾಗುತ್ತದೆ. ಇದನ್ನು ಮೊದಲೇ ತೀರ್ಮಾನ ಮಾಡದೆ ಬರೆದ ಅರ್ಜಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಿಡಿಸಿ ಯಾರಿಗೂ ಪೂರ್ತಿ ಬೇಡವಾಗುತ್ತದೆ.

ವರ್ತನೆ ಮತ್ತು ಸಮಾಜ ವಿಜ್ಞಾನಕ್ಕೇ ಅಂತ ಎನ್‌ಐಎಚ್‌ನಲ್ಲಿ ಒಂದು ಕಚೇರಿ ಇದೆ. 1995ರಲ್ಲಿ ಶುರುವಾಗಿದ್ದು, ಓಬಿಎಸ್‌ಎಸ್‌ಆರ್ ಅಂತ ಕರೆಯುತ್ತಾರೆ. ಹೆಸರು ನೋಡಿ ನಮ್ಮ ಅರ್ಜಿ ಇಲ್ಲಿಗೇ ಅಂದುಕೊಳ್ಳುವುದು ಸಹಜ, ಆದರೆ ಅದು ತಾನೇ ನೇರವಾಗಿ ಗ್ರಾಂಟ್ ಕೊಡುವುದಿಲ್ಲ. ಇನ್‌ಸ್ಟಿಟ್ಯೂಟ್‌ಗಳ ಮಧ್ಯೆ ಹೊಂದಾಣಿಕೆ ಮಾಡುವುದು, ಅವುಗಳ ಗ್ರಾಂಟ್‌ಗೆ ಸ್ವಲ್ಪ ದುಡ್ಡು ಸೇರಿಸುವುದು ಅದರ ಕೆಲಸ. ಇನ್ನು ನಿಮ್ಮ ಪ್ರಶ್ನೆ ಯಾವ ಕಾಯಿಲೆಗೂ ಸಂಬಂಧಿಸದೆ, ಜನ ಹೇಗೆ ಯೋಚಿಸುತ್ತಾರೆ, ಹೇಗೆ ತೀರ್ಮಾನ ಮಾಡುತ್ತಾರೆ ಅನ್ನುವ ಮೂಲ ವಿಜ್ಞಾನವಾದರೆ ಎನ್‌ಎಸ್‌ಎಫ್, ಅಂದರೆ ನ್ಯಾಷನಲ್ ಸೈನ್ಸ್ ಫೌಂಡೇಶನ್ ಕಡೆ ನೋಡಿ. ಅವರು ಕಾಯಿಲೆ ವಾಸಿ ಮಾಡುವ ಗುರಿ ಇರುವ ಸಂಶೋಧನೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ಮನೆ ಹುಡುಕಲು ಊಹೆ ಮಾಡುತ್ತಾ ಕೂರಬೇಕಿಲ್ಲ. ಎನ್‌ಐಎಚ್ ರಿಪೋರ್ಟರ್ ಅನ್ನುವ ಡೇಟಾಬೇಸ್‌ನಲ್ಲಿ ಯಾರಿಗೆ, ಯಾವ ವಿಷಯಕ್ಕೆ, ಎಷ್ಟು ದುಡ್ಡು ಸಿಕ್ಕಿದೆ ಅನ್ನುವುದೆಲ್ಲ ಬಹಿರಂಗವಾಗಿ ಇರುತ್ತದೆ. ಅದರಲ್ಲೇ ಮ್ಯಾಚ್‌ಮೇಕರ್ ಅಂತ ಒಂದು ಸೌಲಭ್ಯ ಇದೆ. ನಿಮ್ಮ ಸಾರಾಂಶವನ್ನು ಅಲ್ಲಿ ಅಂಟಿಸಿದರೆ ಅದಕ್ಕೆ ಹತ್ತಿರವಾದ ಹಳೆಯ ಪ್ರಾಜೆಕ್ಟ್‌ಗಳು, ಅವು ಯಾವ ಇನ್‌ಸ್ಟಿಟ್ಯೂಟ್‌ನಲ್ಲಿವೆ, ಯಾವ ಪ್ರೋಗ್ರಾಂ ಆಫೀಸರ್ (ಗ್ರಾಂಟ್‌ಗಳ ಉಸ್ತುವಾರಿ ಇರುವ ಅಧಿಕಾರಿ) ನೋಡಿಕೊಳ್ಳುತ್ತಿದ್ದಾರೆ ಅನ್ನುವುದನ್ನು ತೋರಿಸುತ್ತದೆ. ಉಚಿತ. ಬಳಸುವವರು ಯಾಕೋ ಕಡಿಮೆ.

ಆ ಪಟ್ಟಿಯಲ್ಲಿ ಸಿಕ್ಕ ಪ್ರೋಗ್ರಾಂ ಆಫೀಸರ್‌ಗೆ ಇಮೇಲ್ ಬರೆಯಿರಿ. ಇದನ್ನು ಸಂಕೋಚದಿಂದ ಬಿಡುವವರೇ ಜಾಸ್ತಿ, ದೊಡ್ಡ ಅಧಿಕಾರಿಗೆ ಸುಮ್ನೆ ಯಾಕೆ ತೊಂದರೆ ಕೊಡುವುದು ಅಂತ. ನಿಮ್ಮಂಥವರ ಜೊತೆ ಮಾತಾಡುವುದು ಅವರ ಕೆಲಸದ ಭಾಗ. ನಿಮಗೆ ಅಂಕ ಕೊಡುವವರು ಬೇರೆ ಜನ, ಹಾಗಾಗಿ ಪ್ರಭಾವ ಬೀರಿದ ಹಾಗೂ ಆಗುವುದಿಲ್ಲ. ಇಮೇಲ್ ಚಿಕ್ಕದಾಗಿರಲಿ: ಒಂದು ಪುಟದ ಸ್ಪೆಸಿಫಿಕ್ ಏಮ್ಸ್, ಅಂದರೆ ಅಧ್ಯಯನದ ಗುರಿಗಳ ಕರಡು, ಜೊತೆಗೆ ಮೂರು ಪ್ರಶ್ನೆ. ಈ ವಿಷಯದಲ್ಲಿ ನಿಮ್ಮ ಇನ್‌ಸ್ಟಿಟ್ಯೂಟ್‌ಗೆ ಆಸಕ್ತಿ ಇದೆಯಾ, ಅರ್ಜಿ ಕರೆಯುವ ಯಾವ ಪ್ರಕಟಣೆಯಡಿ ಹಾಕಬೇಕು, ಇದು ಕ್ಲಿನಿಕಲ್ ಟ್ರಯಲ್ ಅನ್ನಿಸಿಕೊಳ್ಳುತ್ತದಾ. ಫೋನಿನಲ್ಲಿ ಮಾತಾಡಲು ಹತ್ತು ಹದಿನೈದು ನಿಮಿಷ ಕೇಳಿ. ಅವರು ನೇರವಾಗಿ "ಬೇಡ" ಅನ್ನುವುದು ಅಪರೂಪ. "ಇದು ನಮ್ಮ ಸದ್ಯದ ಆದ್ಯತೆಗಳಲ್ಲಿ ಇಲ್ಲ" ಅಂದರೆ ಬೇಡ ಅಂತಲೇ ಅರ್ಥ, ಬೇರೆ ಮನೆ ನೋಡಿ.

ಆ ಮೂರನೇ ಪ್ರಶ್ನೆ ಸುಮ್ಮನೆ ಸೇರಿಸಿದ್ದಲ್ಲ. ಔಷಧಿ ಇಲ್ಲ, ಇಂಜೆಕ್ಷನ್ ಇಲ್ಲ, ಬರೀ ಮೆಸೇಜ್ ಕಳಿಸುತ್ತಿದ್ದೇವೆ, ಇದು ಹೇಗೆ ಕ್ಲಿನಿಕಲ್ ಟ್ರಯಲ್ ಆಗುತ್ತದೆ ಅಂತ ವರ್ತನೆಯ ಸಂಶೋಧಕರು ಕೇಳುತ್ತಾರೆ. ಆಗುತ್ತದೆ! ಎನ್‌ಐಎಚ್ ನಾಲ್ಕು ಪ್ರಶ್ನೆ ಇಟ್ಟಿದೆ. ಮನುಷ್ಯರು ಭಾಗವಹಿಸುತ್ತಿದ್ದಾರಾ? ಅವರನ್ನು ಮುಂಚಿತವಾಗಿಯೇ ಯಾವುದಾದರೂ ಇಂಟರ್ವೆನ್ಷನ್‌ಗೆ (ಬದಲಾವಣೆ ತರಲು ನೀವು ಕೊಡುವ ಔಷಧಿ, ಮೆಸೇಜ್ ಇಂಥದ್ದಕ್ಕೆ) ಹಂಚುತ್ತೀರಾ? ಆ ಇಂಟರ್ವೆನ್ಷನ್ ಅವರ ಮೇಲೆ ಮಾಡುವ ಪರಿಣಾಮವನ್ನು ಅಳೆಯುವುದಕ್ಕಾಗಿ ಅಧ್ಯಯನ ಮಾಡುತ್ತಿದ್ದೀರಾ? ಆ ಪರಿಣಾಮ ಆರೋಗ್ಯಕ್ಕೆ ಸಂಬಂಧಿಸಿದ ದೈಹಿಕ ಅಥವಾ ವರ್ತನೆಯ ಬದಲಾವಣೆಯಾ? ನಾಲ್ಕಕ್ಕೂ ಹೌದು ಅಂದರೆ ಅದು ಕ್ಲಿನಿಕಲ್ ಟ್ರಯಲ್. ನಮ್ಮ ಸಿಗರೇಟು ಮೆಸೇಜ್ ಅಧ್ಯಯನಕ್ಕೆ ನಾಲ್ಕೂ ಹೌದು. ಅದೇ ಜನರಿಗೆ ಬರೀ ಪ್ರಶ್ನಾವಳಿ ಕೊಟ್ಟು, ಯಾರು ಯಾವಾಗ ಸೇದುತ್ತಾರೆ ಅಂತ ದಾಖಲಿಸಿದರೆ ಅಲ್ಲ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಅರ್ಜಿ ಕರೆಯುವ ಪ್ರಕಟಣೆಯ ಹೆಸರಿನಲ್ಲೇ ಟ್ರಯಲ್‌ಗೆ ಅವಕಾಶ ಇದೆಯೋ ಇಲ್ಲವೋ, ಕಡ್ಡಾಯವೋ ಅಂತ ಬರೆದಿರುತ್ತದೆ. ಟ್ರಯಲ್‌ಗೆ ಅವಕಾಶ ಇಲ್ಲದ ಪ್ರಕಟಣೆಗೆ ಟ್ರಯಲ್ ಅರ್ಜಿ ಹಾಕಿದರೆ, ಒಳಗಿನ ವಿಜ್ಞಾನ ಎಷ್ಟೇ ಚೆನ್ನಾಗಿದ್ದರೂ, ಯಾರೂ ಓದದೆಯೇ ವಾಪಸ್ ಕಳಿಸಬಹುದು. ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದು ಟಿಕ್ ಗುರುತಿನಿಂದ ಹಾಳಾಗುವುದು ಅಂದರೆ ಇದೇ. ಅನುಮಾನ ಇದ್ದರೆ ಪ್ರೋಗ್ರಾಂ ಆಫೀಸರ್ ಉತ್ತರವನ್ನು ಇಮೇಲ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಈಗ ಯಾವ ಗ್ರಾಂಟ್ ಅನ್ನುವ ವಿಷಯ. ಅಕ್ಷರ ಮತ್ತು ಅಂಕಿ ಸೇರಿದ ಕೋಡ್‌ಗಳು ಬಹಳ ಇವೆ, ಎಲ್ಲವನ್ನೂ ಕಲಿಯಬೇಕಿಲ್ಲ. ಆರ್‌03 ಚಿಕ್ಕದು, ವರ್ಷಕ್ಕೆ 50,000 ಡಾಲರ್‌ವರೆಗೆ, ಎರಡು ವರ್ಷ. ಇರುವ ಡೇಟಾವನ್ನೇ ಹೊಸ ಪ್ರಶ್ನೆ ಇಟ್ಟುಕೊಂಡು ನೋಡುವುದಕ್ಕೆ ಚೆನ್ನಾಗಿ ಹೊಂದುತ್ತದೆ. ಆರ್‌21 ಹೊಸ ಯೋಚನೆ ಪರೀಕ್ಷಿಸಲು, ಎರಡು ವರ್ಷಕ್ಕೆ ಒಟ್ಟು 2,75,000 ಡಾಲರ್, ಒಂದೇ ವರ್ಷದಲ್ಲಿ 2,00,000 ದಾಟುವಂತಿಲ್ಲ. ಆರ್‌01 ದೊಡ್ಡದು, ಐದು ವರ್ಷದವರೆಗೆ. ಅದರಲ್ಲಿ ಯಾವುದೇ ವರ್ಷದ ನೇರ ಖರ್ಚು (ಸಂಶೋಧನೆಗೇ ನೇರವಾಗಿ ಆಗುವ ಖರ್ಚು) 5,00,000 ಡಾಲರ್ ಮುಟ್ಟಿದರೆ ಅರ್ಜಿ ಹಾಕುವ ಕನಿಷ್ಠ ಆರು ವಾರ ಮುಂಚೆ ಇನ್‌ಸ್ಟಿಟ್ಯೂಟ್‌ನ ಒಪ್ಪಿಗೆ ಕೇಳಬೇಕು. ಆರ್‌21 ಚಿಕ್ಕದು, ಹಾಗಾಗಿ ಸಿಗುವುದು ಸುಲಭ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ಪೈಪೋಟಿ ಕಡಿಮೆ ಏನಿಲ್ಲ, ಮತ್ತೆ ಹೊಸ ಸಂಶೋಧಕರಿಗೆ ಸಿಗುವ ರಿಯಾಯಿತಿ ಇರುವುದು ಆರ್‌01 ಮತ್ತು ಅದಕ್ಕೆ ಸಮನಾದ ಗ್ರಾಂಟ್‌ಗಳಲ್ಲಿ. ಕೊನೆಯ ಡಿಗ್ರಿ ಅಥವಾ ವೈದ್ಯಕೀಯ ತರಬೇತಿ ಮುಗಿದು 10 ವರ್ಷದೊಳಗಿದ್ದು, ಇನ್ನೂ ಎನ್‌ಐಎಚ್‌ನಿಂದ ದೊಡ್ಡ ಗ್ರಾಂಟ್ ಪಡೆಯದವರನ್ನು ಆರಂಭಿಕ ಹಂತದ ಸಂಶೋಧಕರು ಅಂತ ಪರಿಗಣಿಸುತ್ತಾರೆ. ಆ ಹಣೆಪಟ್ಟಿಗೆ ಬೆಲೆ ಇದೆ. ಹೆರಿಗೆ, ಕಾಯಿಲೆ ಇಂಥ ಕಾರಣಗಳಿಗೆ ಆ ಅವಧಿ ವಿಸ್ತರಿಸುವಂತೆ ಕೇಳಬಹುದು, ಕೇಳಲು ಹಿಂಜರಿಯಬೇಡಿ.

ಅಮೆರಿಕದ ಪ್ರಜೆಗಳಲ್ಲದ ಪೋಸ್ಟ್‌ಡಾಕ್‌ಗಳಿಗೆ, ಅಂದರೆ ಪಿಎಚ್‌ಡಿ ಮುಗಿಸಿ ಬೇರೆಯವರ ಲ್ಯಾಬ್‌ನಲ್ಲಿ ಸಂಶೋಧನೆ ಮಾಡುವವರಿಗೆ, ಒಂದು ಮಾತು. ಪಿಎಚ್‌ಡಿ ವಿದ್ಯಾರ್ಥಿಗಳ ಎಫ್‌31 ಫೆಲೋಶಿಪ್‌ಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಆದರೆ ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬ್‌ಗೆ ದಾಟಿಸುವ ಕೆ99 ಗ್ರಾಂಟ್‌ಗೆ ಬೇಡ. ವೀಸಾದಲ್ಲಿರುವವರೂ ಹಾಕಬಹುದು. ಇದು ಗೊತ್ತಿಲ್ಲದೆ ಅವಧಿ ಮೀರಿಸಿಕೊಳ್ಳುವವರಿದ್ದಾರೆ. ಸಾಮಾನ್ಯವಾಗಿ ಪೋಸ್ಟ್‌ಡಾಕ್ ಅನುಭವ 4 ವರ್ಷ ದಾಟಿರಬಾರದು. ಅಮೆರಿಕದ ಹೊರಗಿನ ಸಂಸ್ಥೆಯವರು ಪ್ರತಿ ಪ್ರಕಟಣೆಯ ಅರ್ಹತೆ ಭಾಗವನ್ನೇ ಮೊದಲು ಓದಬೇಕು. ವಿದೇಶಿ ಸಂಸ್ಥೆಗಳಿಗೆ ದುಡ್ಡು ಹಂಚುವ ನಿಯಮಗಳನ್ನು 2025ರಲ್ಲಿ ಬದಲಾಯಿಸಿದ್ದಾರೆ, ಹಾಗಾಗಿ ಹಳೆಯ ಅರ್ಜಿಯ ಮಾದರಿ ನೋಡಿ ಯೋಜನೆ ಹಾಕಬೇಡಿ.

ಅರ್ಜಿ ಹಾಕುವುದು ನೀವಲ್ಲ, ನಿಮ್ಮ ಸಂಸ್ಥೆ. ಸಂಸ್ಥೆ ಸ್ಯಾಮ್ ಡಾಟ್ ಗವ್, ಗ್ರಾಂಟ್ಸ್ ಡಾಟ್ ಗವ್, ಇರಾ ಕಾಮನ್ಸ್ ಈ ಮೂರು ಸರ್ಕಾರಿ ಜಾಲತಾಣಗಳಲ್ಲೂ ನೋಂದಣಿ ಆಗಿರಬೇಕು, ಸ್ಯಾಮ್ ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಹೊಸದಾಗಿ ಮಾಡಲು ಆರು ವಾರವೋ ಅದಕ್ಕಿಂತ ಜಾಸ್ತಿಯೋ ಹಿಡಿಯುತ್ತದೆ. ಹೊಸ ಆರ್‌01ಗೆ ಕೊನೆಯ ದಿನ ಸಾಮಾನ್ಯವಾಗಿ ಫೆಬ್ರವರಿ 5, ಜೂನ್ 5 ಮತ್ತು ಅಕ್ಟೋಬರ್ 5. ಆರ್‌03, ಆರ್‌21ಗೆ ಅದೇ ತಿಂಗಳುಗಳ 16. ನಿಮ್ಮ ಸಂಸ್ಥೆಯ ಗ್ರಾಂಟ್ ಕಚೇರಿ ಒಂದು ವಾರ ಮುಂಚೆಯೇ ಎಲ್ಲ ಕಾಗದ ಕೇಳುತ್ತದೆ ಅಂತಲೇ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 25ರಿಂದ ಒಬ್ಬ ಮುಖ್ಯ ಸಂಶೋಧಕರು ವರ್ಷಕ್ಕೆ ಆರಕ್ಕಿಂತ ಹೆಚ್ಚು ಅರ್ಜಿ ಹಾಕುವಂತಿಲ್ಲ, ಎಐ ಬಳಸಿ ಬಹುಪಾಲು ಬರೆಸಿದ ಅರ್ಜಿಯನ್ನು ಪರಿಗಣಿಸುವುದೂ ಇಲ್ಲ.

ಬರೆಯಲು ಕೂತಾಗ ಹೆಚ್ಚು ಹೊತ್ತು ಕೊಡಬೇಕಾದದ್ದು ಸ್ಪೆಸಿಫಿಕ್ ಏಮ್ಸ್‌ಗೆ. ಒಂದೇ ಪುಟ. ಆಮೇಲೆ ಬರುವ ಸಂಶೋಧನಾ ಯೋಜನೆಗೆ ಆರ್‌01ರಲ್ಲಿ 12 ಪುಟ, ಆರ್‌03 ಮತ್ತು ಆರ್‌21ರಲ್ಲಿ 6 ಪುಟ. ಆದರೆ ವಿಮರ್ಶಕರ ಗುಂಪಿನಲ್ಲಿ ನಿಮ್ಮ ಅರ್ಜಿಯನ್ನು ಪೂರ್ತಿ ಓದುವವರು ಮೂರು ನಾಲ್ಕು ಜನ ಮಾತ್ರ. ಉಳಿದವರು ಏಮ್ಸ್ ಪುಟ ನೋಡಿ, ಚರ್ಚೆ ಕೇಳಿ ಅಂಕ ಹಾಕುತ್ತಾರೆ.

ವರ್ತನೆಯ ಅಧ್ಯಯನಕ್ಕೆ ಬರುವ ಟೀಕೆಗಳು ಹೆಚ್ಚು ಕಡಿಮೆ ಮೊದಲೇ ಗೊತ್ತಿರುವಂಥವು. ಜನ ಸಿಗರೇಟು ಬಿಟ್ಟೆ ಅಂತ ಹೇಳಿದ್ದನ್ನು ಹೇಗೆ ನಂಬುತ್ತೀರಿ? ಹಾಗಾಗಿ ಜೊಲ್ಲಿನಲ್ಲಿ ಕೋಟಿನಿನ್ (ನಿಕೋಟಿನ್‌ನಿಂದ ದೇಹದಲ್ಲಿ ಉಂಟಾಗುವ ವಸ್ತು) ಅಳೆಯುವುದೋ, ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ನೋಡುವುದೋ ಸೇರಿಸಿ. ಮೆಸೇಜ್ ಯಾಕೆ ಕೆಲಸ ಮಾಡುತ್ತದೆ? ಆಸೆಯನ್ನು ತಗ್ಗಿಸಿಯೋ, ನೆನಪಿಸಿಯೋ, ಒಂಟಿತನ ಕಳೆದೋ? ಯಾವುದು ಅಂತ ಹೇಳಿ, ಅದನ್ನೂ ಅಳೆಯಿರಿ, ಬರೀ "ಕೆಲಸ ಮಾಡುತ್ತದಾ" ಅಂತ ಕೇಳಿ ನಿಲ್ಲಬೇಡಿ. ಹೋಲಿಕೆಯ ಗುಂಪಿಗೆ ಏನು ಕೊಡುತ್ತೀರಿ? ಏನೂ ಕೊಡದಿದ್ದರೆ, ಗಮನ ಕೊಟ್ಟಿದ್ದರಿಂದಲೇ ಬದಲಾವಣೆ ಆಯಿತು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಧ್ಯದಲ್ಲಿ ಬಿಟ್ಟುಹೋಗುವವರು ಎಷ್ಟು, ಅವರನ್ನು ಲೆಕ್ಕದಲ್ಲಿ ಹೇಗೆ ಸೇರಿಸುತ್ತೀರಿ? ಮೂವತ್ತು ಜನರ ಪೈಲಟ್‌ನಲ್ಲಿ, ಅಂದರೆ ಚಿಕ್ಕ ಪೂರ್ವಭಾವಿ ಅಧ್ಯಯನದಲ್ಲಿ, ಸಿಕ್ಕ ದೊಡ್ಡ ಪರಿಣಾಮವನ್ನು ನಂಬಿ ಸ್ಯಾಂಪಲ್ ಲೆಕ್ಕ ಹಾಕಿದರೆ ಸಂಖ್ಯಾಶಾಸ್ತ್ರಜ್ಞರು ಬಿಡುವುದಿಲ್ಲ. ಪೈಲಟ್ ಇರುವುದು ಜನ ಬರುತ್ತಾರಾ, ಉಳಿಯುತ್ತಾರಾ ಅಂತ ತೋರಿಸಲು.

ನೈತಿಕತೆಯ ಭಾಗದಲ್ಲಿ ಒಂದು ಅನುಕೂಲ ಇದೆ, ಸಮ್ಮತಿ ಪತ್ರದಲ್ಲಿ ಹೇಳಲು ಮರೆಯಬೇಡಿ. ಗುರುತು ಸಿಗುವ, ಸೂಕ್ಷ್ಮ ಮಾಹಿತಿ ಕೂಡಿಸುವ ಎನ್‌ಐಎಚ್ ಅಧ್ಯಯನಗಳಿಗೆ 2017ರಿಂದ ಗೌಪ್ಯತಾ ಪ್ರಮಾಣಪತ್ರ ತಾನಾಗಿಯೇ ಅನ್ವಯವಾಗುತ್ತದೆ. ಡ್ರಗ್ಸ್, ಲೈಂಗಿಕ ವರ್ತನೆ ಇಂಥ ವಿಷಯ ಕೇಳುವಾಗ, ಕೋರ್ಟ್ ಕೇಳಿದರೂ ಭಾಗವಹಿಸಿದವರ ಹೆಸರು ಕೊಡದಿರಲು ಅದು ರಕ್ಷಣೆ. 2023ರ ಜನವರಿಯಿಂದ ಡೇಟಾ ಹಂಚಿಕೆಯ ಯೋಜನೆಯೂ ಬೇಕು. ಸಂದರ್ಶನದ ಪಠ್ಯಗಳನ್ನು ಹಂಚಿದರೆ ಜನರ ಗುರುತು ಸಿಗಬಹುದು ಅನ್ನುವ ಕಾರಣ ಇದ್ದರೆ ಅದನ್ನೇ ಬಿಡಿಸಿ ಬರೆಯಿರಿ, ಒಪ್ಪುತ್ತಾರೆ.

ವಿಮರ್ಶೆಯ ಪದ್ಧತಿ 2025ರ ಜನವರಿಯಿಂದ ಸರಳವಾಗಿದೆ. ಸಂಶೋಧನೆಯ ಮಹತ್ವಕ್ಕೆ ಒಂದು ಅಂಕ, ವಿಧಾನ ಗಟ್ಟಿ ಇದೆಯಾ ಮತ್ತು ಮಾಡಲು ಆಗುತ್ತದಾ ಅನ್ನುವುದಕ್ಕೆ ಇನ್ನೊಂದು, 1ರಿಂದ 9ರವರೆಗೆ. 1 ಅತ್ಯುತ್ತಮ. ನಿಮ್ಮ ಪರಿಣತಿ, ಸಂಸ್ಥೆಯ ಸೌಲಭ್ಯಕ್ಕೆ ಈಗ ಅಂಕ ಇಲ್ಲ, ಸಾಕೋ ಸಾಲದೋ ಅಂತ ಮಾತ್ರ ನೋಡುತ್ತಾರೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯದಲ್ಲಿ ಇಲ್ಲದವರಿಗೆ ಇದು ಒಳ್ಳೆಯದೇ ಅಲ್ವಾ? ಕೊನೆಗೆ ಒಟ್ಟು ಅಂಕ 10ರಿಂದ 90. ಸುಮಾರು ಅರ್ಧದಷ್ಟು ಅರ್ಜಿಗಳು ಸಭೆಯಲ್ಲಿ ಚರ್ಚೆಗೇ ಬರುವುದಿಲ್ಲ, ಆದರೂ ಅವಕ್ಕೂ ಬರಹದಲ್ಲಿ ಟೀಕೆ ಸಿಗುತ್ತದೆ.

ಆ ಟೀಕೆ ಕೈಗೆ ಬಂದ ದಿನವೇ ಉತ್ತರ ಬರೆಯಬೇಡಿ, ಸಿಟ್ಟು ಅಕ್ಷರದಲ್ಲಿ ಕಾಣುತ್ತದೆ. ಪ್ರೋಗ್ರಾಂ ಆಫೀಸರ್ ಸಭೆಯಲ್ಲಿ ಕೂತು ಕೇಳಿಸಿಕೊಂಡಿರಬಹುದು, ಅವರನ್ನು ಕೇಳಿ: ಯಾವ ಟೀಕೆ ನಿಜಕ್ಕೂ ಅಂಕ ಇಳಿಸಿತು, ಯಾವುದು ಬರೀ ಬಾಯಿಮಾತು. ಮೊದಲ ಅರ್ಜಿಯಿಂದ 37 ತಿಂಗಳೊಳಗೆ ಒಮ್ಮೆ ತಿದ್ದಿ ಮತ್ತೆ ಹಾಕಬಹುದು. ಏನು ಬದಲಾಯಿಸಿದಿರಿ ಅಂತ ಹೇಳಲು ಒಂದು ಪುಟ ಸಿಗುತ್ತದೆ. ಅದೂ ಆಗದಿದ್ದರೆ ಅದೇ ವಿಷಯವನ್ನು ಹೊಸ ಅರ್ಜಿಯಾಗಿಯೇ ಹಾಕಬಹುದು, ಆದರೆ ಅದರಲ್ಲಿ ಹಳೆಯ ಟೀಕೆಗಳಿಗೆ ಉತ್ತರ ಕೊಡುವಂತಿಲ್ಲ.