ಅಡಿಕೆ ತೋಟದ ಅಂಚಿನಲ್ಲಿ ಕುಲಂಜನ ಬೆಳೆದು ಬಳಸುವ ಕ್ರಮ

ಗ್ರಂಥಿಗೆ ಅಂಗಡಿಯಲ್ಲಿ ಕುಲಂಜನ ಕೇಳಿದರೆ ಶುಂಠಿಯ ಕುಟುಂಬದ ಎರಡು ಬೇರೆ ಬೇರೆ ಗಿಡಗಳ ಗಡ್ಡೆಗಳಲ್ಲಿ ಯಾವುದಾದರೊಂದು ಕೈಗೆ ಬರಬಹುದು. ಆದ್ದರಿಂದ ನಾಟಿಯ ವಿಚಾರಕ್ಕೆ ಹೋಗುವ ಮೊದಲು ಅವೆರಡನ್ನೂ ಗುರುತಿಸಲು ತಿಳಿದಿರಬೇಕು. ಚಿಕ್ಕ ಕುಲಂಜನವು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯ ಮತ್ತು ಹೈನಾನ್ ದ್ವೀಪದ ಕಡೆಯ ಗಿಡ. ಚೀನೀ ವೈದ್ಯರು ಹೊಟ್ಟೆಯ ಶೀತ, ನೋವು ಮತ್ತು ವಾಂತಿಗೆ ಅದನ್ನು ಬಹಳ ಹಿಂದಿನಿಂದ ಕೊಡುತ್ತ ಬಂದಿದ್ದಾರೆ. ಅರಬ್ ವರ್ತಕರ ಮೂಲಕ ಅದು ಮಧ್ಯಯುಗದ ಯುರೋಪಿನ ಅಡುಗೆಮನೆಗಳನ್ನೂ ತಲುಪಿತ್ತು. ಹಾಗಿದ್ದರೂ ಅದಕ್ಕೆ ಆಲ್ಪಿನಿಯಾ ಅಫಿಸಿನೇರಮ್ ಎಂಬ ಸಸ್ಯಶಾಸ್ತ್ರೀಯ ಹೆಸರನ್ನು ಹೆನ್ರಿ ಫ್ಲೆಚರ್ ಹ್ಯಾನ್ಸ್ ಕೊಟ್ಟದ್ದು 1873ರಲ್ಲಿ. ಅದರ ಗಡ್ಡೆ ಬೆರಳಿನಷ್ಟು ದಪ್ಪ, ಹೊರಗೂ ಒಳಗೂ ಕೆಂಪು ಮಿಶ್ರಿತ ಕಂದು, ಖಾರವೂ ಹೆಚ್ಚು.

ದೊಡ್ಡ ಕುಲಂಜನ, ಅಂದರೆ ನಮ್ಮಲ್ಲಿ ದುಂಪರಾಸ್ಮಿ ಎನ್ನುವ ಆಲ್ಪಿನಿಯಾ ಗಲಂಗಾ, ಆಳೆತ್ತರವನ್ನು ಮೀರಿ ಬೆಳೆಯುತ್ತದೆ. ಇದರ ಗಡ್ಡೆ ದಪ್ಪವಾಗಿದ್ದು, ಸಿಪ್ಪೆಯ ಮೇಲೆ ಉಂಗುರದಂತಹ ಗೆರೆಗಳಿರುತ್ತವೆ. ಕತ್ತರಿಸಿದರೆ ತಿರುಳು ಬಿಳಿಯಾಗಿ ಕಾಣುತ್ತದೆ, ಎಳೆ ಮೊಳಕೆ ನಸುಗೆಂಪಾಗಿರುತ್ತದೆ. ದಕ್ಷಿಣ ಭಾರತದ ವೈದ್ಯರು ರಾಸ್ನಾ ಎಂದು ಬಳಸುವುದು ಹೆಚ್ಚಾಗಿ ಇದನ್ನೇ. ಉತ್ತರ ಭಾರತದಲ್ಲಿ ಅದೇ ಹೆಸರಿನಲ್ಲಿ ಮಾರುವುದು ಪೂರ್ತಿ ಬೇರೆಯೇ ಆದ ಗಿಡ, ಹಾಗಾಗಿ ದೂರದಿಂದ ತರಿಸುವವರು ಹೆಸರನ್ನು ನಂಬದೆ ಗಡ್ಡೆಯನ್ನು ನೋಡಿಯೇ ಕೊಳ್ಳುವುದು ಲೇಸು. ಶಿರಸಿ, ಸಿದ್ದಾಪುರದ ಹವೆಗೆ ಸುಲಭವಾಗಿ ಒಗ್ಗುವುದು ದೊಡ್ಡದು. ಮುಂದೆ ಹೇಳಿರುವುದೆಲ್ಲ ಅದಕ್ಕೆ ಸಂಬಂಧಿಸಿದ್ದು.

ಕುಲಂಜನವನ್ನು ಶುಂಠಿಯಂತೆ ಒಂದೇ ವರ್ಷದ ಬೆಳೆಯೆಂದು ಭಾವಿಸಿ ಹೊರಟವರಿಗೆ ನಿರಾಶೆಯಾಗುತ್ತದೆ. ನೆಟ್ಟ ಮೇಲೆ ಎರಡು, ಮೂರು ಮಳೆಗಾಲ ಮುಟ್ಟದೆ ಬಿಡಬಹುದಾದ ಜಾಗವನ್ನೇ ಆರಿಸಬೇಕು. ಅಡಿಕೆ ಮರಗಳ ದಟ್ಟ ನೆರಳಿಗಿಂತ ತೋಟದ ಅಂಚಿನ, ಅರ್ಧ ಬಿಸಿಲು ಬೀಳುವ ಭಾಗ ಒಳ್ಳೆಯದು. ನೀರು ನಿಂತರೆ ಗಡ್ಡೆ ಕೊಳೆಯುವುದರಿಂದ, ನಮ್ಮ ಮಳೆಗೆ ಒಂದು ಅಡಿ ಎತ್ತರದ ಏರುಮಡಿಯೂ ಅದರ ಪಕ್ಕದಲ್ಲಿ ಕಸ ತುಂಬದ ಬಸಿಗಾಲುವೆಯೂ ಇರಲೇಬೇಕು. ಕಾರವಾರ, ಅಂಕೋಲಾ ಕಡೆಯ ಮರಳು ಮಣ್ಣಿನಲ್ಲಿ ನೀರು ಬಸಿಯುವ ಚಿಂತೆ ಕಡಿಮೆ, ಆದರೆ ಗೊಬ್ಬರ ಹೆಚ್ಚು ಬೇಕಾಗುತ್ತದೆ ಮತ್ತು ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ನೀರುಣಿಸಬೇಕು.

ಬಿತ್ತನೆಗೆ ರೋಗವಿಲ್ಲದ ಗಡ್ಡೆಯನ್ನು, ಪ್ರತಿ ತುಂಡಿನಲ್ಲಿ ಒಂದೆರಡು ಕಣ್ಣುಗಳಿರುವಂತೆ, ಸುಮಾರು 5 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಕೊಯ್ದ ಭಾಗ ಆರುವವರೆಗೆ ನೆರಳಿನಲ್ಲಿಡಬೇಕು. ರೋಹಿಣಿ ಮಳೆಯಿಂದ ಮಣ್ಣು ಹದವಾದ ಕೂಡಲೇ, ಮೃಗಶಿರೆಯ ಜೋರಿಗೆ ಮುಂಚೆ, ಸಾಲಿನಿಂದ ಸಾಲಿಗೆ 40, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟು ನೆಟ್ಟು, ಮೇಲೆ ಕೊಟ್ಟಿಗೆ ಗೊಬ್ಬರ ಹಾಕಿ, ಬೆಟ್ಟದಿಂದ ತಂದ ಸೊಪ್ಪು ಅಥವಾ ದರಕಿನಿಂದ, ಅಂದರೆ ಉದುರಿದ ಒಣ ಎಲೆಗಳಿಂದ, ಮುಚ್ಚಬೇಕು. ಮೊದಲ ಕೆಲವು ತಿಂಗಳು ಕಳೆ ತೆಗೆಯುವ ಶ್ರಮವಿದೆ. ಎಲೆಗಳು ಒಂದಕ್ಕೊಂದು ಕೂಡಿದ ಮೇಲೆ ಕಳೆಗೆ ಬೆಳಕೇ ಸಿಗುವುದಿಲ್ಲ. ಪ್ರತಿ ಮಳೆಗಾಲದ ಮೊದಲು ಬುಡಕ್ಕೆ ಮಣ್ಣೇರಿಸಿದರೆ ಸಾಕು. ಕಾಡುಹಂದಿಯ ಕಾಟವಿರುವಲ್ಲಿ ಬೇಲಿ ಮಾತ್ರ ಗಟ್ಟಿಯಾಗಿರಲಿ.

ಅಡುಗೆಗೆ ಬೇಕಾದಷ್ಟು ಗಡ್ಡೆಯನ್ನು ಒಂದು ವರ್ಷದ ನಂತರ ಮಡಿಯ ಬದಿಯಿಂದ ಅಗೆದುಕೊಳ್ಳಬಹುದು. ಔಷಧಕ್ಕಾದರೆ ಕನಿಷ್ಠ 18 ತಿಂಗಳು, ಸಾಧ್ಯವಾದರೆ 36 ತಿಂಗಳು ಕಾಯಬೇಕು, ಏಕೆಂದರೆ ಎಳೆಯ ಗಡ್ಡೆಯಲ್ಲಿ ನೀರೇ ಹೆಚ್ಚು. ಚಳಿಗಾಲ ಮುಗಿದು ಬಿಸಿಲು ಬಲಿತ ಮೇಲೆ ಅಗೆದು, ಬೇರು ಬಿಡಿಸಿ, ತೊಳೆದು, ಹಸಿಯಿರುವಾಗಲೇ ಕತ್ತರಿಸಬೇಕು. ಒಣಗಿದ ಇಡೀ ಗಡ್ಡೆ ಕಟ್ಟಿಗೆಯಂತಾಗಿ ಮನೆಯ ಕತ್ತಿಗೆ ಜಗ್ಗುವುದಿಲ್ಲ. ಅಡಿಕೆ ಒಣಗಿಸುವ ಅಟ್ಟದ ಮೇಲೆ ಹರವಿ, ಮುರಿದರೆ ಟಕ್ಕೆಂದು ತುಂಡಾಗುವವರೆಗೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಆಷಾಢದ ತೇವ ತಾಗಿದರೆ ಬೂಸಲು ಖಂಡಿತ.

ಅಡುಗೆಯಲ್ಲಿ ಇದಕ್ಕೆ ಶುಂಠಿಯ ಪ್ರಮಾಣ ಸಲ್ಲದು. ಹಸಿ ಗಡ್ಡೆಯ ಒಂದು ತೆಳುವಾದ ಬಿಲ್ಲೆಯನ್ನು ಜೀರಿಗೆಯೊಂದಿಗೆ ತುಪ್ಪದಲ್ಲಿ ಹುರಿದು, ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿಯಾಗುತ್ತದೆ. ನಾರು ಹೆಚ್ಚಿರುವುದರಿಂದ ಸೋಸಿಕೊಳ್ಳುವುದು ಉತ್ತಮ. ಕರಾವಳಿಯ ಬಂಗಡೆ ಸಾರಿಗೂ ಇದು ಹೊಂದುತ್ತದೆ, ಆದರೆ ತೆಪ್ಪಲ ಎಂಬ ಘಾಟಿನ ಮಸಾಲೆ ಕಾಯಿ ಹಾಕಿದ ದಿನ ಇದು ಬೇಡ, ಎರಡೂ ಮೂಗಿಗೆ ಬಡಿಯುವ ಸ್ವಭಾವದವು. ಥಾಯ್ ಅಡುಗೆಯವರು ತೆಂಗಿನ ಹಾಲಿನ ಸಾರಿಗೆ ಇದರ ಬಿಲ್ಲೆಗಳನ್ನು ಹಾಗೆಯೇ ಹಾಕಿ ಕುದಿಸಿ, ಉಣ್ಣುವಾಗ ಬದಿಗೆ ಸರಿಸುತ್ತಾರೆ.

ಮನೆಯ ಕಷಾಯದ ಪುಡಿಗೆ ನಾಲ್ಕು ಚಮಚ ಕೊತ್ತಂಬರಿ, ಎರಡು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸಿಗೆ ಕಾಲು ಚಮಚ ಕುಲಂಜನದ ಪುಡಿ ಸಾಕಾಗುತ್ತದೆ. ಜೋನಿಬೆಲ್ಲ ಹಾಕಿ ಕುದಿಸಿದರೆ ಖಾರ ಗಂಟಲಿಗೆ ಇರಿಯುವುದಿಲ್ಲ. ಚೀನೀ ಪದ್ಧತಿಯಲ್ಲಿ ಚಿಕ್ಕ ಕುಲಂಜನವನ್ನು ದಿನಕ್ಕೆ 3ರಿಂದ 6 ಗ್ರಾಂ ಕಷಾಯವಾಗಿ ಕೊಡುವುದುಂಟು, ಆದರೆ ಅದು ರೋಗಿಯನ್ನು ನೋಡಿ ವೈದ್ಯರು ನಿಗದಿಪಡಿಸುವ ಪ್ರಮಾಣ. ಹೊಟ್ಟೆಯ ಉರಿ ಇರುವವರು, ಗರ್ಭಿಣಿಯರು ಮತ್ತು ನಿತ್ಯವೂ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಔಷಧವಾಗಿ ಸೇವಿಸಬಾರದು.