ದೆವ್ವಕ್ಕೂ ಒಂದು ಕಟ್ಟಳೆ ಬೇಕು: ಹದಿಹರೆಯದ ಫ್ಯಾಂಟಸಿ ಓದಿ ವಿಮರ್ಶೆ ಬರೆಯುವುದು ಹೇಗೆ?

ಹೋದ ಮಳೆಗಾಲದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ಕನ್ನು ನನ್ನ ಮುಂದೆ ತೆರೆದಿಟ್ಟಳು. ಪುಟದಲ್ಲಿ ಇದ್ದದ್ದು ಎರಡೇ ಸಾಲು. ‘ಪುಟ 41: ಸತ್ತವರು ಹರಿಯುವ ನೀರು ದಾಟುವ ಹಾಗಿಲ್ಲ.’ ಅದರ ಕೆಳಗೆ ಪೆನ್ಸಿಲ್ ಒತ್ತಿ ಬರೆದದ್ದು: ‘ಪುಟ 212: ಅಣ್ಣ ಹೊಳೆ ದಾಟಿ ಮನೆಗೆ ಬಂದ. ಹೇಗೆ ಬಂದ?’

ಅವಳು ಓದಿದ್ದು ಸತ್ತ ಅಣ್ಣ ಮರಳಿ ಬರುವ ಒಂದು ಇಂಗ್ಲಿಷ್ ಕಾದಂಬರಿ. ಹಿಂಬದಿಯ ರಕ್ಷಾಪುಟದಲ್ಲಿ ಹೊಗಳಿಕೆ ತುಂಬಿತ್ತು. ನನಗೆ ಮಾತ್ರ ಆ ಎಲ್ಲ ಹೊಗಳಿಕೆಗಿಂತ ಈ ಎರಡು ಸಾಲೇ ತೂಕದ್ದಾಗಿ ಕಂಡವು. ಲೇಖಕ ಕಟ್ಟಿದ ಬೇಲಿಯನ್ನು ಲೇಖಕನೇ ಮುರಿದ ಜಾಗಕ್ಕೆ ಅವಳು ಸರಿಯಾಗಿ ಬೆರಳಿಟ್ಟಿದ್ದಳು.

ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಏಳೆಂಟು ಮಕ್ಕಳು ಸೇರುತ್ತಾರೆ. ಹೈಸ್ಕೂಲಿನವರು, ಪಿಯುಸಿಯವರು. ಮಾಟ, ಮಂತ್ರ, ದೆವ್ವ, ವ್ಯಾಂಪೈರ್, ಡ್ರ್ಯಾಗನ್ ಇರುವ ಪುಸ್ತಕಗಳೇ ಅವರಿಗೆ ಬೇಕು. ‘ಇಂಥದ್ದೆಲ್ಲ ಓದಿ ಏನು ಬಂತು’ ಎನ್ನುವ ಅಪ್ಪ ಅಮ್ಮಂದಿರಿಗೆ ನನ್ನ ಉತ್ತರ ಒಂದೇ: ಓದಿದ್ದರ ಬಗ್ಗೆ ಒಂದು ಪುಟ ಬರೆಯಲು ಹೇಳಿ, ಆಗ ಏನು ಬಂತು ಎಂದು ನಿಮಗೇ ಕಾಣುತ್ತದೆ. ಆ ಒಂದು ಪುಟ ಬರೆಯುವುದನ್ನು ನಾವು ಹಂತ ಹಂತವಾಗಿ ಕಲಿತ ಬಗೆ ಇಲ್ಲಿದೆ.

ಯಾವ ಬಗೆಯ ಪುಸ್ತಕ?

ಫ್ಯಾಂಟಸಿಯಲ್ಲಿ ಲೋಕವೇ ಬೇರೆ, ಇಲ್ಲವೇ ಬೇರೆ ಲೋಕಕ್ಕೆ ತೆರೆಯುವ ಬಾಗಿಲು ಎಲ್ಲೋ ಇರುತ್ತದೆ. ಪ್ಯಾರಾನಾರ್ಮಲ್ ಕತೆಯಲ್ಲಿ ಲೋಕ ನಮ್ಮದೇ. ಶಾಲೆ, ಬಸ್ಸು, ಪರೀಕ್ಷೆ ಎಲ್ಲ ಇದ್ದ ಹಾಗೇ ಇದ್ದು, ನಡುವೆ ಬರಬಾರದ್ದೊಂದು ಬಂದು ಕೂತಿರುತ್ತದೆ. ಮೊದಲನೆಯದರಲ್ಲಿ ‘ಈ ಲೋಕ ನಿಂತುಕೊಳ್ಳುತ್ತದೆಯೇ’ ಎಂದು ಕೇಳಬೇಕು. ಎರಡನೆಯದರಲ್ಲಿ ‘ಬಂದದ್ದು ಇಲ್ಲಿಗೇ ಏಕೆ ಬಂತು’ ಎಂದು ಕೇಳಬೇಕು.

‘ಯಂಗ್ ಅಡಲ್ಟ್’ ಎಂದರೆ ಸುಮಾರು 12ರಿಂದ 18ರ ವಯಸ್ಸಿನವರಿಗೆ ಎಂದು ಪ್ರಕಾಶಕರು ಲೆಕ್ಕ ಹಾಕುತ್ತಾರೆ. ದೊಡ್ಡವರೂ ಧಾರಾಳವಾಗಿ ಓದುತ್ತಾರೆ. ಇಲ್ಲಿ ಕತೆಯ ಮುಖ್ಯ ನಿರ್ಧಾರಗಳನ್ನು ಹದಿನಾರು, ಹದಿನೇಳರ ಹುಡುಗ ಹುಡುಗಿಯರೇ ತೆಗೆದುಕೊಳ್ಳಬೇಕು. ಅದಕ್ಕಾಗಿ ಲೇಖಕರು ಅಪ್ಪ ಅಮ್ಮನನ್ನು ಸಾಯಿಸುತ್ತಾರೆ, ದೂರ ಕಳಿಸುತ್ತಾರೆ, ಇಲ್ಲವೇ ಏನೂ ಗೊತ್ತಾಗದವರನ್ನಾಗಿ ಮಾಡುತ್ತಾರೆ. ‘ದೊಡ್ಡವರೇ ಇಲ್ಲವಲ್ಲ’ ಎಂದು ದೂರಬೇಡಿ. ಅವರನ್ನು ಆಚೆ ಸರಿಸಿದ ರೀತಿ ನಂಬುವ ಹಾಗಿದೆಯೇ ನೋಡಿ.

ರಾತ್ರಿ ಓದಿ, ಬೆಳಿಗ್ಗೆ ಇನ್ನೊಮ್ಮೆ ನೋಡಿ

ಮೊದಲ ಓದಿಗೆ ಪೆನ್ಸಿಲ್ ಹಿಡಿಯಬೇಡಿ. ಕತೆ ಎಳೆದುಕೊಂಡು ಹೋದ ಕಡೆ ಹೋಗಿ. ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಪುಟ ಹಾರಿಸಬೇಕು ಅನ್ನಿಸಿತು, ಅಲ್ಲಿಗೊಂದು ಚೀಟಿ ಸಿಕ್ಕಿಸಿ ಮುಂದೆ ಹೋದರೆ ಸಾಕು. ನಮ್ಮ ಹುಡುಗನೊಬ್ಬ ಸಾಗರದ ಬಸ್ಸಿನ ಹಳೆ ಟಿಕೆಟ್‌ಗಳನ್ನು ಇದಕ್ಕೆಂದೇ ಕೂಡಿಟ್ಟಿದ್ದಾನೆ. ಲೈಬ್ರರಿ ಪುಸ್ತಕದಲ್ಲಿ ಗೀಚುವ ಪಾಪವೂ ತಪ್ಪುತ್ತದೆ.

ದೆವ್ವದ ಕತೆಯ ವಿಚಾರದಲ್ಲಿ ಮಲೆನಾಡಿನವರು ಒಂದು ಎಚ್ಚರ ವಹಿಸಬೇಕು. ಆಷಾಢದ ರಾತ್ರಿ, ಕರೆಂಟು ಹೋಗಿದೆ, ಹೆಂಚಿನ ಮೇಲೆ ಮಳೆ ಬಡಿಯುತ್ತಿದೆ, ತೋಟದ ಕಡೆಯಿಂದ ಏನೋ ಕೂಗಿತು. ಆ ಹೊತ್ತಿನಲ್ಲಿ ಯಾವ ಪುಸ್ತಕ ಓದಿದರೂ ಹೆದರಿಕೆ ಆಗಿಯೇ ಆಗುತ್ತದೆ. ಆ ಹೆದರಿಕೆಯಲ್ಲಿ ಲೇಖಕನ ಪಾಲೆಷ್ಟು, ಮಳೆಯ ಪಾಲೆಷ್ಟು? ಬೇರ್ಪಡಿಸಲು ನಾನು ಕಂಡುಕೊಂಡ ಉಪಾಯ ಸುಲಭದ್ದು. ಬೆಳಿಗ್ಗೆ ತಿಂಡಿ ಮುಗಿಸಿ, ಬಿಸಿಲಿನಲ್ಲಿ ಕೂತು, ಅದೇ ಎರಡು ಪುಟ ಮತ್ತೆ ಓದಿ. ಆಗಲೂ ಕತ್ತಿನ ಹಿಂಭಾಗ ತಣ್ಣಗಾದರೆ ಬರವಣಿಗೆ ಗಟ್ಟಿ. ಆಗ ಯಾವ ವಾಕ್ಯದಲ್ಲಿ ಹಾಗಾಯಿತೋ ಅದನ್ನು ಬರೆದಿಟ್ಟುಕೊಳ್ಳಿ. ವಿಮರ್ಶೆಯಲ್ಲಿ ಉದ್ಧರಿಸಬೇಕಾದ ವಾಕ್ಯ ಅದೇ.

ಕಟ್ಟಳೆ ಪಟ್ಟಿ

ಈ ಕೆಲಸದ ಜೀವಾಳ ಇದು. ಎರಡನೆಯ ಸಲ ಪುಟ ತಿರುವುವಾಗ, ಕತೆಯಲ್ಲಿ ಬರುವ ಪ್ರತಿಯೊಂದು ಅತಿಮಾನುಷ ಶಕ್ತಿಗೂ ಮೂರು ವಿಷಯ ಬರೆಯಿರಿ. ಅದು ಏನು ಮಾಡಬಲ್ಲದು? ಏನು ಮಾಡಲಾರದು? ಅದನ್ನು ಬಳಸಿದವರು ಏನು ತೆರಬೇಕು? ಪಕ್ಕದಲ್ಲಿ ಪುಟ ಸಂಖ್ಯೆ ಕಡ್ಡಾಯ.

ಇದೇನು ಹೊಸ ವಿದ್ಯೆ ಅಂದುಕೊಳ್ಳಬೇಡಿ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ರಕ್ತದಲ್ಲೇ ಇದೆ. ಭಸ್ಮಾಸುರನ ವರ ಏನು? ಅವನು ಯಾರ ತಲೆಯ ಮೇಲೆ ಕೈ ಇಟ್ಟರೂ ಅವರು ಬೂದಿ. ಆ ವರದಲ್ಲಿ ‘ನನ್ನ ತಲೆಯ ಹೊರತು’ ಎಂಬ ಮಾತಿಲ್ಲ. ಮೋಹಿನಿ ಕುಣಿಯುತ್ತಾ ಕುಣಿಯುತ್ತಾ ಅವನ ಕೈಯನ್ನು ಅವನ ತಲೆಗೇ ತಂದಾಗ ಬಯಲಿನಲ್ಲಿ ಕೂತವರಿಗೆಲ್ಲ ಹಿಗ್ಗು. ಹೊರಗಿನಿಂದ ಯಾವ ಹೊಸ ಅಸ್ತ್ರವೂ ಬರಲಿಲ್ಲ, ಮೊದಲು ಹೇಳಿದ ಮಾತೇ ಕೊನೆಗೆ ಕೊಂದಿತು. ಹಿರಣ್ಯಕಶಿಪುವಿನದೂ ಹಾಗೆ. ಒಳಗೂ ಅಲ್ಲ ಹೊರಗೂ ಅಲ್ಲ ಎಂದರೆ ಹೊಸ್ತಿಲು, ಹಗಲೂ ಅಲ್ಲ ರಾತ್ರಿಯೂ ಅಲ್ಲ ಎಂದರೆ ಮುಸ್ಸಂಜೆ. ವರದ ಸಂದಿಯಲ್ಲೇ ಸಾವು ಕಾದಿತ್ತು.

ಇದಕ್ಕೂ ಬಿಗಿಯಾದದ್ದು ಬೇತಾಳನ ಕಟ್ಟಳೆ. ವಿಕ್ರಮ ಬಾಯಿ ಬಿಟ್ಟರೆ ಬೇತಾಳ ಹಾರಿ ಮರಕ್ಕೆ ಹೋಗುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆದು ಹೋಳಾಗುತ್ತದೆ. ಎರಡೂ ಕಡೆ ಸೋಲು. ಇಷ್ಟು ಚಿಕ್ಕ ಕಟ್ಟಳೆಯ ಮೇಲೆ ಇಷ್ಟೊಂದು ಕತೆಗಳು ನಿಂತಿವೆ. ನಿಮ್ಮ ಕೈಯಲ್ಲಿರುವ ಐನೂರು ಪುಟದ ಕಾದಂಬರಿಯಲ್ಲಿ ನಾಯಕಿಗೆ ಕೊನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದ ಹಾಗೆ ಹೊಸ ಶಕ್ತಿ ಬಂದು ಎಲ್ಲ ಸರಿಹೋದರೆ, ಬೇತಾಳನನ್ನು ಪಕ್ಕದಲ್ಲಿಟ್ಟು ತೂಗಿ ನೋಡಿ.

ಒಂದು ಮಾತು ಮಾತ್ರ ನೆನಪಿರಲಿ. ಕಟ್ಟಳೆಯನ್ನು ಲೇಖಕ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ‘ಹೊತ್ತು ಮುಳುಗಿದ ಮೇಲೆ ಬನದ ಕಡೆ ಹೋಗಬೇಡ’ ಎಂದು ಅಜ್ಜಿ ಹೇಳಿದಾಗ ಕಾರಣ ಕೇಳಿದವರು ನಮ್ಮಲ್ಲಿ ಕಡಿಮೆ. ಕಾರಣ ಹೇಳದ್ದರಿಂದಲೇ ಬನ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಹೇಳದೆ ಬಿಟ್ಟ ಕಟ್ಟಳೆ ಬೇರೆ, ಹೇಳಿ ಮುರಿದ ಕಟ್ಟಳೆ ಬೇರೆ. ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಓದುಗನಿಗೆ ಮೋಸ ಮಾಡುತ್ತದೆ. ನಮ್ಮ ಹುಡುಗಿಯ ಪುಟ 41 ಮತ್ತು ಪುಟ 212 ಎರಡನೆಯ ಬಗೆಯವು. ಅವಳು ಆಮೇಲೆ ನಡುವಿನ ಪುಟಗಳನ್ನೆಲ್ಲ ಮತ್ತೆ ಹುಡುಕಿದಳು. ಎಲ್ಲಾದರೂ ಕಾಲುಸಂಕ ದಾಟಿದ್ದರೆ, ಯಾರಾದರೂ ಹೊತ್ತು ದಾಟಿಸಿದ್ದರೆ? ಇರಲಿಲ್ಲ. ಹುಡುಕಿ ನೋಡಿದ ಮೇಲೆಯೇ ತಪ್ಪೆಂದು ಬರೆದಳು. ಆ ನ್ಯಾಯ ಎಲ್ಲ ವಿಮರ್ಶಕರೂ ಕಲಿಯಬೇಕಾದ್ದು.

ಊರು ಕತೆಯ ಕೆಲಸ ಮಾಡುತ್ತಿದೆಯೇ?

2005ರಲ್ಲಿ ಬಂದ ‘ಟ್ವೈಲೈಟ್’ ಎಂಬ ವ್ಯಾಂಪೈರ್ ಕಾದಂಬರಿ ನಡೆಯುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಪುಟ್ಟ ಊರಿನಲ್ಲಿ. ಸದಾ ಮೋಡ, ಸದಾ ಮಳೆ. ಆ ಕತೆಯ ವ್ಯಾಂಪೈರ್‌ಗಳ ಮೈ ಬಿಸಿಲಿಗೆ ಹೊಳೆಯುತ್ತದೆ, ಹೊಳೆದರೆ ಗುಟ್ಟು ರಟ್ಟು. ಹಾಗಾಗಿ ಅವರು ಬಿಸಿಲಿಲ್ಲದ ಊರಿನಲ್ಲೇ ಇರಬೇಕು. ಮಳೆ ಅಲ್ಲಿ ಅಲಂಕಾರವಲ್ಲ, ಕತೆ ನಡೆಯಲು ಬೇಕಾದ ಕಾರಣ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಫೋರ್ಕ್ಸ್‌ನ ಎರಡು ಪಟ್ಟಿಗೂ ಮಿಗಿಲು. ಮಳೆಯೊಳಗೆ ಬದುಕುವುದು ಹೇಗೆಂದು ಬಲ್ಲ ನಾವು ಇಂಥ ಪುಸ್ತಕದ ಮಳೆಯನ್ನು ಪರೀಕ್ಷಿಸಲು ಹೇಳಿ ಮಾಡಿಸಿದ ಓದುಗರು. ಬಟ್ಟೆ ಒಣಗದ ವಾಸನೆ, ಇಂಬಳ (ಜಿಗಣೆ) ಕಚ್ಚಿದ್ದು ತಿಳಿಯದೆ ಕಾಲ್ಚೀಲ ಕೆಂಪಾಗುವುದು, ಮಧ್ಯಾಹ್ನ ಮೂರಕ್ಕೇ ದೀಪ ಹಾಕುವುದು. ಕಾದಂಬರಿಯ ಮಳೆಗೂ ಇಂಥ ಮೈ ಇದೆಯೇ, ಇಲ್ಲ ಬರೀ ‘ಮಳೆ ಸುರಿಯುತ್ತಿತ್ತು’ ಎಂಬಲ್ಲಿಗೆ ಮುಗಿಯಿತೇ?

ಒಂದು ಭಾನುವಾರ ಮಕ್ಕಳಿಗೆ ಕೇಳಿದೆ: ನಮ್ಮ ಜಿಲ್ಲೆಯಲ್ಲಿ ಇಂಥ ಕತೆ ಎಲ್ಲಿ ನಡೆಯಬಹುದು? ಕವಲೇದುರ್ಗದ ಕೋಟೆ ಎಂದರು ಕೆಲವರು. ಸಾಗರದ ಕಡೆಯ ಹುಡುಗ ಶರಾವತಿ ಹಿನ್ನೀರು ಎಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಊರುಗಳ ಜತೆ ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೆಯೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮತ್ತೆ ಎದ್ದು ಕಾಣುತ್ತದೆ. ‘ಅಲ್ಲಿ ದೆವ್ವ ಇರಲೇಬೇಕೆಂದಿಲ್ಲ, ಊರು ಬಿಟ್ಟವರ ನೆನಪೇ ಸಾಕು’ ಎಂದ ಅವನು. ಅವನ ಅಜ್ಜನ ಮನೆ ಆ ನೀರಿನಡಿ ಇದೆ. ಅವತ್ತು ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಪ್ರೀತಿಯ ವಿಷಯ

ಪ್ಯಾರಾನಾರ್ಮಲ್ ಕಾದಂಬರಿಗಳಲ್ಲಿ ಅರ್ಧಕ್ಕರ್ಧ ಪ್ರೇಮಕತೆಗಳೇ. ಇಲ್ಲಿ ವಿಮರ್ಶಕರು ಸಂಕೋಚ ಬಿಟ್ಟು ಬರೆಯಬೇಕು. ‘ಟ್ವೈಲೈಟ್’ ಅನ್ನೇ ನೋಡಿ: ಹುಡುಗಿಗೆ ಹದಿನೇಳು, ಹುಡುಗನಿಗೆ ನೋಡಲು ಹದಿನೇಳಾದರೂ ನಿಜಕ್ಕೆ ನೂರು ದಾಟಿದೆ. ಅವಳಿಗೆ ಗೊತ್ತಿಲ್ಲದೆ ರಾತ್ರಿ ಅವಳ ಕೋಣೆಗೆ ಬಂದು ನಿದ್ದೆ ಮಾಡುವುದನ್ನು ನೋಡುತ್ತಾನೆ. ಪುಸ್ತಕ ಇದನ್ನು ಪ್ರೀತಿ ಎನ್ನುತ್ತದೆ. ಇದೇ ಕೆಲಸವನ್ನು ನಮ್ಮ ಬೀದಿಯ ಹುಡುಗ ಮಾಡಿದರೆ ಏನನ್ನುತ್ತೇವೆ? ಹುಡುಗಿ ಬೇಡ ಎಂದಾಗ ಏನಾಯಿತು, ಅವಳಿಗೆ ಬೇರೆ ಸ್ನೇಹಿತರು ಉಳಿದರೇ, ಅವಳ ಓದು ಏನಾಯಿತು ಎಂದು ಹುಡುಕಿ ಬರೆಯಿರಿ. ನನ್ನ ಜಗಲಿಯ ಹುಡುಗಿಯರು ಈ ಪ್ರಶ್ನೆಗಳನ್ನು ನನಗಿಂತ ಖಾರವಾಗಿ ಕೇಳುತ್ತಾರೆ. ಕೇಳುತ್ತಲೇ ಆ ಪುಸ್ತಕಗಳನ್ನು ಇಷ್ಟಪಟ್ಟು ಓದುತ್ತಾರೆ. ಎರಡನ್ನೂ ಬರೆಯಬಹುದು, ಬರೆಯಬೇಕು.

ಪದ ಆರಿಸುವಾಗ

ಇಂಗ್ಲಿಷ್ ಪುಸ್ತಕದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ದೆವ್ವ, ಭೂತ, ಪ್ರೇತ, ಪಿಶಾಚಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನಮ್ಮ ಕಡೆ, ಘಟ್ಟದ ಕೆಳಗೂ, ಭೂತ ಎಂದರೆ ವರ್ಷಕ್ಕೊಮ್ಮೆ ಪೂಜೆ ಪಡೆದು ಮನೆ, ಜಮೀನು ಕಾಯುವ ದೈವ. ಹಾಳು ಬಂಗಲೆಯಲ್ಲಿ ಕಿರುಚುವುದನ್ನು ದೆವ್ವ ಎನ್ನಿ. ಸತ್ತು ಸದ್ಗತಿ ಸಿಗದೆ ಅಲೆಯುವುದು ಪ್ರೇತ. ವ್ಯಾಂಪೈರ್ ಅನ್ನು ವ್ಯಾಂಪೈರ್ ಎಂದೇ ಬಿಡಿ, ಓದುಗರಿಗೆ ಗೊತ್ತು. ‘ಮಾಟಗಾತಿ’ ಎಂಬ ಪದವನ್ನು ನಾನು ತುಂಬ ಯೋಚಿಸಿ ಬಳಸುತ್ತೇನೆ. ಆ ಹೆಸರು ಹೊತ್ತು ನರಳಿದ ನಿಜವಾದ ಹೆಂಗಸರು ಇದ್ದಾರೆ.

ಅನುವಾದ ಅಥವಾ ರೂಪಾಂತರವಾಗಿದ್ದರೆ, ಕತೆ ನಮ್ಮ ನೆಲಕ್ಕೆ ಇಳಿದಿದೆಯೇ ಎಂದು ನೋಡಿ. ಕುಪ್ಪಳಿಯ ಕುವೆಂಪು ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಊರನ್ನು ತುಂಗೆಯ ದಡದ ಬೊಮ್ಮನಹಳ್ಳಿ ಮಾಡಿದರು, ಕೊಳಲೂದುವವನನ್ನು ಕಿಂದರಿಜೋಗಿ ಮಾಡಿದರು. ಇವತ್ತಿಗೂ ಮಕ್ಕಳಿಗೆ ಅದು ಹೊರಗಿನದೆನ್ನಿಸುವುದಿಲ್ಲ. ಅಳತೆಗೋಲು ಬೇಕೆಂದರೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಈಗ ಬರೆಯಿರಿ

ನಾಲ್ಕುನೂರು, ಐನೂರು ಪದ ಸಾಕು. ಮೊದಲ ಪ್ಯಾರಾದಲ್ಲಿ ಪುಸ್ತಕ ನಿಮಗೆ ಏನು ಮಾಡಿತು ಎಂಬುದನ್ನು ಒಂದು ದೃಶ್ಯದ ಮೂಲಕ ಹೇಳಿ. ಕತೆಯ ಸಾರಾಂಶ ನಾಲ್ಕೈದು ವಾಕ್ಯ ದಾಟದಿರಲಿ, ಪುಸ್ತಕದ ಮೊದಲ ಕಾಲುಭಾಗದಾಚೆ ನಡೆಯುವುದನ್ನು ಹೇಳಬೇಡಿ. ಈ ಮಿತಿ ನಾನು ನೋವಿನಿಂದ ಕಲಿತದ್ದು. ವರ್ಷಗಳ ಹಿಂದೆ ಒಂದು ವಿಮರ್ಶೆಯಲ್ಲಿ, ಕತೆ ಹೇಳುತ್ತಿರುವ ಹುಡುಗಿಯೇ ಸತ್ತಿದ್ದಾಳೆಂಬ ಗುಟ್ಟನ್ನು ಬರೆದುಬಿಟ್ಟಿದ್ದೆ. ಅದನ್ನು ಓದಿದ ಹುಡುಗನೊಬ್ಬ ಅರ್ಧ ಓದಿದ್ದ ಪುಸ್ತಕವನ್ನು ತಂದು ನನ್ನ ಕೈಗಿಟ್ಟು, ‘ಇನ್ನು ಬೇಡ’ ಎಂದು ಹೋದ. ಅವನು ಆ ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ.

ಆಮೇಲೆ ಕಟ್ಟಳೆ ಪಟ್ಟಿಯಿಂದ ಒಂದೋ ಎರಡೋ ಅಂಶ ಎತ್ತಿಕೊಳ್ಳಿ, ಎಲ್ಲವನ್ನೂ ಸುರಿಯಬೇಡಿ. ಹೊಗಳಿದರೂ ತೆಗಳಿದರೂ ಪುಸ್ತಕದಿಂದಲೇ ಒಂದು ಸಾಕ್ಷಿ ಇರಲಿ. ‘ಅದ್ಭುತ’, ‘ರೋಮಾಂಚನ’ ಎಂದು ಬರೆದ ಕಡೆ ನಿಂತು, ಏಕೆ ಎಂದು ನೀವೇ ಕೇಳಿಕೊಳ್ಳಿ. ಸರಣಿಯ ಪುಸ್ತಕವಾದರೆ ಎಷ್ಟನೆಯದು, ಹಿಂದಿನದನ್ನು ಓದದೆ ಅರ್ಥವಾಗುತ್ತದೆಯೇ, ಕತೆ ನಡುನೀರಿನಲ್ಲಿ ನಿಲ್ಲುತ್ತದೆಯೇ ತಿಳಿಸಿ. ಮುಂದಿನ ಭಾಗದಲ್ಲಿ ಸರಿಹೋಗಬಹುದೆಂದು ಈ ಭಾಗದ ತಪ್ಪನ್ನು ಮನ್ನಿಸಬೇಡಿ. ಸಾವು, ಹಿಂಸೆ, ಆತ್ಮಹತ್ಯೆಯ ಪ್ರಸಂಗಗಳಿದ್ದರೆ ಒಂದು ವಾಕ್ಯದಲ್ಲಿ ಎಚ್ಚರಿಸಿ. ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡ ಮಗುವಿಗೆ ಆ ಒಂದು ವಾಕ್ಯ ದೊಡ್ಡದು. ಪುಸ್ತಕ ಪ್ರಕಾಶಕರಿಂದ ಪುಕ್ಕಟೆ ಬಂದಿದ್ದರೆ ಅದನ್ನೂ ಹೇಳಿ.

ಲೇಖಕರ ಹೆಸರು, ಅನುವಾದಕರ ಹೆಸರು, ಪುಟ, ಬೆಲೆ, ಪ್ರಕಟವಾದ ವರ್ಷ ಕೊನೆಗೆ ಬರಲಿ. ಅನುವಾದಕರನ್ನು ಮರೆಯುವವರೇ ಹೆಚ್ಚು. ಬರೆದದ್ದನ್ನು ಇಬ್ಬರಿಗೆ ಓದಿ ಹೇಳಿ: ಪುಸ್ತಕ ಓದಿದವರೊಬ್ಬರು, ಓದದವರೊಬ್ಬರು. ಓದಿದವರು ‘ಹೌದು, ಹಾಗೇ ಇದೆ’ ಅಥವಾ ‘ಇಲ್ಲ, ನನಗೆ ಹಾಗನ್ನಿಸಲಿಲ್ಲ’ ಎಂದು ಜಗಳಕ್ಕೆ ಬರಬೇಕು. ಓದದವರು ‘ಕೊನೆಗೇನಾಯಿತು’ ಎಂದು ಕೇಳಬೇಕು. ಹೊಳೆ ದಾಟಿದ ಅಣ್ಣನ ಕತೆಯ ವಿಮರ್ಶೆಯನ್ನು ಆ ಹುಡುಗಿ ಓದಿ ಮುಗಿಸಿದ ದಿನ, ತಪ್ಪು ಎತ್ತಿ ತೋರಿಸಿದ್ದರೂ, ಪುಸ್ತಕ ನನಗೆ ಕೊಡು ಎಂದು ಮೂವರು ಕೈ ಚಾಚಿದ್ದರು.