ಕುದುರೆ ಟ್ರೇಲರ್‌ನಲ್ಲೊಂದು ಮನೆ: ದುಡ್ಡು ಎಲ್ಲಿ ಹೋಗುತ್ತದೆ?

ಅಮೆರಿಕದಲ್ಲಿ ಕುದುರೆ ಸಾಕಿದವರಿಗೆ ವಾರಾಂತ್ಯ ಅಂದರೆ ಓಡಾಟ. ರೋಡಿಯೊ (ಕೌಬಾಯ್‌ಗಳ ಸವಾರಿ ಸ್ಪರ್ಧೆ), ಬ್ಯಾರೆಲ್ ರೇಸ್ (ಪೀಪಾಯಿಗಳನ್ನು ಸುತ್ತಿ ಬರುವ ಓಟ), ಇಲ್ಲವೇ ಕಾಡುದಾರಿಯಲ್ಲಿ ಸವಾರಿ. ಕುದುರೆಯನ್ನು ಟ್ರೇಲರ್‌ಗೆ ಹತ್ತಿಸಿ, ಪಿಕಪ್‌ಗೆ ತಗುಲಿಸಿಕೊಂಡು ನೂರಾರು ಮೈಲಿ ಹೋಗುತ್ತಾರೆ. ಬೆಂಗಳೂರು, ಮೈಸೂರಿನ ರೇಸ್ ಕುದುರೆಗಳು ಲಾರಿಯಂಥ ಗಾಡಿಯಲ್ಲಿ ಹೋಗುವುದನ್ನು ನೋಡಿದವರಿಗೆ ಇದು ಹೊಸದು. ಅಲ್ಲಿ ಎಳೆಯುವ ಗಾಡಿಯೇ ಬೇರೆ, ಕುದುರೆ ನಿಲ್ಲುವ ಡಬ್ಬಿಯೇ ಬೇರೆ.

ರಾತ್ರಿ ಕುದುರೆಯನ್ನು ಮೈದಾನದಲ್ಲಿ ಕಟ್ಟಿಹಾಕಿ ತಾವು ಹೋಟೆಲಿಗೆ ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಹಿಂದೆ ಕುದುರೆ, ಮುಂದೆ ಮನುಷ್ಯರು ಇರುವ ಟ್ರೇಲರ್‌ಗಳು ಬಂದವು. ‘ಲಿವಿಂಗ್ ಕ್ವಾರ್ಟರ್ಸ್’ ಅನ್ನುತ್ತಾರೆ. ಕಾರ್ಖಾನೆಯಿಂದ ಹೊಸದು ತರಲು ಹೋದರೆ 50,000 ಡಾಲರ್ ಸುಲಭವಾಗಿ ದಾಟುತ್ತದೆ, ದೊಡ್ಡವು ಲಕ್ಷ ಡಾಲರ್ ಮೀರುತ್ತವೆ. ಹಾಗಾಗಿ ‘ಹಳೇ ಟ್ರೇಲರ್ ತಂದು ನಾವೇ ಮಾಡಿಕೊಳ್ಳೋಣ’ ಅನ್ನುವವರು ಬಹಳ. ಅಮೆರಿಕದಲ್ಲಿರುವ ನಮ್ಮವರಲ್ಲೂ ಯಾರಿಗಾದರೂ ಈ ಯೋಚನೆ ಇದ್ದರೆ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಮೊದಲೇ ಹೇಳಿಬಿಡುತ್ತೇನೆ: ಮಂಚ, ಕಪಾಟು, ಅಡುಗೆ ಕಟ್ಟೆಗೆ ಆಗುವ ಖರ್ಚು ಕಡಿಮೆ. ದುಡ್ಡು ಹೋಗುವುದು ಕಣ್ಣಿಗೆ ಕಾಣದ ಕಡೆ. ನೆಲ, ವೈರು, ನೀರು. ಕೆಳಗಿನ ಬೆಲೆಗಳೆಲ್ಲ ಅಂದಾಜು. ಕೆಲಸ ನೀವೇ ಮಾಡಿಕೊಂಡು, ಸಾಮಾನಿಗೆ ಮಾತ್ರ ದುಡ್ಡು ಕೊಟ್ಟರೆ ಆಗುವ ಲೆಕ್ಕ.

ಮೊದಲು ತೂಕ, ಆಮೇಲೆ ನಕ್ಷೆ

ಎಲ್ಲರೂ ಟೇಪು ಹಿಡಿದು ಉದ್ದ ಅಗಲ ಅಳೆಯಲು ಶುರು ಮಾಡುತ್ತಾರೆ. ಅದಕ್ಕಿಂತ ಮುಂಚೆ ಟ್ರೇಲರ್‌ಗೆ ಅಂಟಿಸಿರುವ ತಯಾರಕರ ಫಲಕ ಓದಿ. ಅದರಲ್ಲಿ ಟ್ರೇಲರ್ ತನ್ನ ತೂಕವನ್ನೂ ಸೇರಿಸಿ ಒಟ್ಟು ಎಷ್ಟು ಭಾರ ಹೊರಬಹುದು ಅನ್ನುವುದು ಇರುತ್ತದೆ.

ಎರಡು ಕುದುರೆಯ ಸಾಮಾನ್ಯ ಟ್ರೇಲರ್ ತೆಗೆದುಕೊಳ್ಳಿ. ಫಲಕದಲ್ಲಿ 7,000 ಪೌಂಡ್ ಇದೆ ಅನ್ನೋಣ, ಅಂದರೆ ಸುಮಾರು 3,175 ಕಿಲೋ. ಖಾಲಿ ಟ್ರೇಲರ್ 3,200 ಪೌಂಡ್. ಒಂದೊಂದು ಕುದುರೆ 1,100 ಪೌಂಡ್ ಅಂದರೂ ಎರಡಕ್ಕೆ 2,200. ಉಳಿದದ್ದು 1,600. ಹುಲ್ಲು, ಜೀನು, ಲಗಾಮು, ರಬ್ಬರ್ ಚಾಪೆಗಳಿಗೆ 400 ಕಳೆಯಿರಿ. ನಿಮ್ಮ ಮನೆಗೆ ಸಿಕ್ಕಿದ್ದು 1,200 ಪೌಂಡ್. ಅದರಲ್ಲೇ ಗೋಡೆ, ಕಪಾಟು, ಬ್ಯಾಟರಿ, ಎಸಿ, ಹಾಸಿಗೆ, ನಿಮ್ಮ ಬಟ್ಟೆಬರೆ ಎಲ್ಲ ಆಗಬೇಕು. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 30 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅಲ್ಲೇ 250 ಪೌಂಡ್ ಹೋಯಿತು. ಓಕ್ ಮರದ ಕಪಾಟು, ಗ್ರಾನೈಟ್ ಕಟ್ಟೆ ಅಂತ ಹೊರಟರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಭಾರ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ಪಿಕಪ್‌ನ ಹಿಂದಿನ ಕೊಂಡಿಗೆ ತಗುಲಿಸುವ ಟ್ರೇಲರ್‌ನಲ್ಲಿ ಒಟ್ಟು ತೂಕದ 10ರಿಂದ 15 ಶೇಕಡಾ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ, ಜಾಸ್ತಿಯಾದರೆ ಪಿಕಪ್‌ನ ಹಿಂಭಾಗ ಕುಸಿಯುತ್ತದೆ. ಪಿಕಪ್‌ನ ಹಾಸಿನ ಮೇಲೆ ಕೂರುವ ‘ಗೂಸ್‌ನೆಕ್’ ಬಗೆ ಇದಕ್ಕಿಂತ ಸ್ಥಿರ. ಅದರ ಮೂತಿಯ ಜಾಗವೇ ಮಂಚವಾಗುವುದರಿಂದ ಕೆಳಗೆ ಓಡಾಡಲು ಜಾಗ ಉಳಿಯುತ್ತದೆ. ನನ್ನ ಸಲಹೆ ಕೇಳಿದರೆ, ಇಬ್ಬರು ಮಲಗುವುದಾದರೆ ಗೂಸ್‌ನೆಕ್ಕೇ ನೋಡಿ. ಹಳೆಯದಕ್ಕೆ 8,000ದಿಂದ 15,000 ಡಾಲರ್ ಆಗಬಹುದು. ಕೊಂಡಿಗೆ ತಗುಲಿಸುವ ಚಿಕ್ಕದು 4,000ದಿಂದ 8,000ಕ್ಕೆ ಸಿಗುತ್ತದೆ.

ರಬ್ಬರ್ ಚಾಪೆ ಎತ್ತಿ ನೋಡಿ

ಕೊಳ್ಳುವ ಮುನ್ನ ಚಾಪೆ ಎತ್ತಲು ಬಿಡದ ಮಾರಾಟಗಾರರ ಹತ್ತಿರ ವ್ಯಾಪಾರ ಬೇಡ. ಕುದುರೆಯ ಮೂತ್ರ ಚಾಪೆಯ ಕೆಳಗೆ ವರ್ಷಗಟ್ಟಲೆ ನಿಂತಿರುತ್ತದೆ. ಮರದ ಹಲಗೆ ಲಡ್ಡಾಗಿರುತ್ತದೆ. ಅಲ್ಯೂಮಿನಿಯಂ ನೆಲದಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಹಲಗೆ ಚುಚ್ಚಿ. ಒಳಗೆ ಇಳಿದರೆ ಆ ಹಲಗೆ ಹೋಯಿತು. ಆಮೇಲೆ ಗಾಡಿಯ ಕೆಳಗೆ ನುಗ್ಗಿ ಅಡ್ಡಪಟ್ಟಿಗಳನ್ನು ನೋಡಿ. ಮೇಲಿನ ತುಕ್ಕು ಕೆರೆದು ಬಣ್ಣ ಬಳಿಯಬಹುದು, ಪದರ ಪದರವಾಗಿ ಉದುರುವ ತುಕ್ಕಿಗೆ ವೆಲ್ಡಿಂಗ್ ಬೇಕು.

ಹಲಗೆ ಬದಲಾವಣೆಗೆ 400ರಿಂದ 800 ಡಾಲರ್. ನಾಲ್ಕು ಟೈರಿಗೆ 400ರಿಂದ 700. ನಿಂತಲ್ಲೇ ನಿಂತ ಟ್ರೇಲರ್‌ನ ಟೈರ್ ಹೊಸದರಂತೆ ಕಂಡರೂ ರಬ್ಬರ್ ಒಳಗೊಳಗೇ ಸೀಳಿರುತ್ತದೆ, ಐದಾರು ವರ್ಷ ದಾಟಿದ್ದರೆ ಬದಲಿಸಿ. ಬೇರಿಂಗ್, ಬ್ರೇಕ್‌ಗೆ ಇನ್ನೊಂದು 300-400. ಮನೆಯ ಕೆಲಸ ಇನ್ನೂ ಶುರುವೇ ಆಗಿಲ್ಲ, ಆಗಲೇ ಸಾವಿರ ಡಾಲರ್ ಆಯಿತು. ಇದನ್ನು ಬಜೆಟ್‌ನಲ್ಲಿ ಬರೆದುಕೊಳ್ಳದವರೇ ಅರ್ಧಕ್ಕೆ ನಿಲ್ಲಿಸುವುದು.

ಗೋಡೆ

ಹೊರಗಿನ ತಗಡಿಗೂ ನಿಮಗೂ ನಡುವೆ ಏನೂ ಇಲ್ಲದಿದ್ದರೆ, ಚಳಿಯ ರಾತ್ರಿ ಇಬ್ಬರ ಉಸಿರೇ ನೀರಾಗಿ ಗೋಡೆಯಲ್ಲಿ ಇಳಿಯುತ್ತದೆ. ಹಾಗಾಗಿ ಫೋಮ್ ಬೇಕು. ಗಟ್ಟಿ ಫೋಮ್ ಹಲಗೆಯನ್ನು ಪಟ್ಟಿಗಳ ನಡುವೆ ಕತ್ತರಿಸಿ ಕೂರಿಸುವುದು ಅಗ್ಗ. ಆದರೆ ಹಿಂದೆ ಸಂದು ಉಳಿದರೆ ತೇವ ಅಲ್ಲೇ ಸೇರುತ್ತದೆ. ಸಿಂಪಡಿಸುವ ಫೋಮ್ ತಗಡಿಗೇ ಅಂಟುತ್ತದೆ, ಬೆಲೆ ಜಾಸ್ತಿ. ಯಾವುದೇ ಆದರೂ ಪಕ್ಕೆಲುಬಿನಂಥ ಲೋಹದ ಪಟ್ಟಿಗಳ ಮೇಲೂ ತೆಳುವಾದ ಒಂದು ಪದರ ಇರಲಿ, ಚಳಿ ಆ ಲೋಹದ ಮೂಲಕವೇ ಒಳಗೆ ಬರುತ್ತದೆ. ಫೋಮ್, ತೆಳು ಪ್ಲೈವುಡ್, ನೆಲಹಾಸು ಸೇರಿ 700ರಿಂದ 1,500 ಡಾಲರ್.

ಕುದುರೆ ಕಡೆಯ ಗೋಡೆಯ ಸಂದುಗಳನ್ನು ಪೂರ್ತಿ ಮುಚ್ಚಬೇಕು. ಮೂತ್ರದಿಂದ ಏಳುವ ಅಮೋನಿಯಾ ಬರೀ ವಾಸನೆಯಲ್ಲ, ಕಣ್ಣು ಗಂಟಲು ಉರಿಸುತ್ತದೆ. ಬಾಗಿಲು ಬಿಟ್ಟು ಇನ್ನೊಂದು ಕಡೆ ಮನುಷ್ಯ ನುಸುಳುವಷ್ಟು ದೊಡ್ಡ ಕಿಟಕಿಯೂ ಬೇಕು. ಬೆಂಕಿ ಬಿದ್ದರೆ ಒಂದೇ ಬಾಗಿಲನ್ನು ನಂಬಿಕೊಂಡು ಇರಲಾಗದು ಅಲ್ವಾ?

ಕರೆಂಟು

ಕ್ಯಾಂಪ್ ಮೈದಾನಗಳಲ್ಲಿ ಸಾಮಾನ್ಯವಾಗಿ ಸಿಗುವುದು 30 ಆಂಪ್‌ನ ಸಂಪರ್ಕ. 120 ವೋಲ್ಟ್‌ನಲ್ಲಿ ಅದು 3,600 ವ್ಯಾಟ್. ಎಸಿ ಓಡುವಾಗಲೇ ಮೈಕ್ರೋವೇವ್, ಹೀಟರ್ ಎರಡೂ ಹಾಕಿದರೆ ಫ್ಯೂಸ್ ಹಾರುತ್ತದೆ. ದೀಪ, ನೀರಿನ ಪಂಪು, ಫ್ಯಾನು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತವೆ. ಹಳೇ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಇಲ್ಲದಿದ್ದರೆ ಬೇಗ ಸಾಯುತ್ತದೆ. ಲಿಥಿಯಂ ಬ್ಯಾಟರಿ ಬಹುಪಾಲು ಪೂರ್ತಿ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಅದರ ಬೆಲೆ ಈಚೆಗೆ ಇಳಿದಿರುವುದರಿಂದ ಸೀಸಕ್ಕೆ ಜೋತುಬೀಳಲು ಕಾರಣವಿಲ್ಲ.

ವೈರು, ಫ್ಯೂಸ್ ಪೆಟ್ಟಿಗೆ, ಚಾರ್ಜರ್, ಬ್ಯಾಟರಿ ಸೇರಿ 800ರಿಂದ 1,500 ಡಾಲರ್. ಚಾವಣಿಯ ಎಸಿಗೆ 600ರಿಂದ 1,100. ಅದನ್ನು ಕೂರಿಸಲು 14 ಇಂಚು ಚೌಕದ ಕಿಂಡಿ ಕತ್ತರಿಸಬೇಕು. ಕುದುರೆ ಟ್ರೇಲರ್‌ನ ಚಾವಣಿ ಭಾರ ಹೊರಲು ಮಾಡಿದ್ದಲ್ಲ, ಒಳಗಿನಿಂದ ಪಟ್ಟಿ ಕೊಟ್ಟು ಗಟ್ಟಿ ಮಾಡಲೇಬೇಕು. ಜನರೇಟರ್ ಬೇಕೆಂದರೆ ಇನ್ನೂ ಸಾವಿರ. ಇಷ್ಟು ಕೆಲಸದಲ್ಲಿ ಯಾವುದಕ್ಕಾದರೂ ಬಲ್ಲವರನ್ನು ಕರೆಯುವುದಾದರೆ ಈ ಕರೆಂಟಿನ ಕೆಲಸಕ್ಕೇ ಕರೆಯಿರಿ.

ಗ್ಯಾಸ್ ಹೀಟರ್ ಇಟ್ಟರೆ ಸಿಲಿಂಡರ್ ಹೊರಗೇ ಇರಲಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಅದರ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮೊನಾಕ್ಸೈಡ್‌ಗೂ ಅಲಾರಂ ಬೇಕು. ಎರಡೂ ಅಲಾರಂ ಸೇರಿ ನೂರು ಡಾಲರ್ ಒಳಗೇ ಮುಗಿಯುತ್ತದೆ, ಇಲ್ಲಿ ಉಳಿತಾಯ ಮಾಡಬೇಡಿ.

ನೀರು, ಕಕ್ಕಸು: ಇಲ್ಲಿ ಬಿಲ್ ಏರುತ್ತದೆ

ಟ್ಯಾಂಕು, ಪುಟ್ಟ ಪಂಪು, ಸಿಂಕು, ಕೆಳಗೆ ಬಳಸಿದ ನೀರಿನ ಡಬ್ಬ. ಇಷ್ಟಕ್ಕೆ 300ರಿಂದ 600 ಡಾಲರ್ ಸಾಕು. ‘ಬಿಸಿನೀರಿನ ಸ್ನಾನ, ಮನೆಯಂಥ ಕಮೋಡು’ ಅಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಗೀಸರ್, ಸ್ನಾನದ ತಟ್ಟೆ, ಮಲದ ಟ್ಯಾಂಕು, ಗಾಳಿ ಕೊಳವೆ, ಅವನ್ನೆಲ್ಲ ಚಾಸಿಗೆ ಕಟ್ಟುವ ಕಬ್ಬಿಣ ಎಲ್ಲ ಸೇರಿ 2,000 ಡಾಲರ್ ಆಗುತ್ತದೆ. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟದಂತೆ ಪ್ರತಿ ವರ್ಷ ನೀರು ಖಾಲಿ ಮಾಡಿಡುವ ಕೆಲಸ ಬೇರೆ. ಪೋರ್ಟಬಲ್ ಕಮೋಡು 100ರಿಂದ 150 ಡಾಲರ್‌ಗೆ ಬರುತ್ತದೆ. ಎರಡು ರಾತ್ರಿಗೆ ಅಷ್ಟು ಸಾಕು. ಮಲದ ಟ್ಯಾಂಕ್ ಬೇಡವೆನ್ನುವುದು ಈ ಇಡೀ ಕೆಲಸದಲ್ಲಿ ನೀವು ಮಾಡಬಹುದಾದ ದೊಡ್ಡ ಉಳಿತಾಯ. ಬಳಸಿದ ನೀರನ್ನು ಮಾತ್ರ ಕಂಡಕಂಡಲ್ಲಿ ಬಿಡಬೇಡಿ.

ಮಂಚ, ಹಾಸಿಗೆ, ಒಲೆ, ಕಪಾಟಿಗೆ 500ರಿಂದ 1,200. 12 ವೋಲ್ಟ್ ಫ್ರಿಜ್‌ಗೆ 400ರಿಂದ 700.

ಕೂಡಿ ನೋಡಿದರೆ

ವಾರಾಂತ್ಯಕ್ಕೆ ಸಾಕೆನ್ನುವ ಸರಳ ಕೋಣೆಗೆ, ಟ್ರೇಲರ್ ಬೆಲೆ ಬಿಟ್ಟು, ಸುಮಾರು 4,000ದಿಂದ 7,500 ಡಾಲರ್. ಸ್ನಾನ, ಕಮೋಡು, ಎಸಿ, ಜನರೇಟರ್ ಎಲ್ಲ ಬೇಕೆಂದರೆ ಸುಮಾರು 7,500ರಿಂದ 12,000. ವರ್ಕ್‌ಶಾಪ್‌ಗೆ ಕೊಟ್ಟರೆ ಕೂಲಿಯೇ ಗಂಟೆಗೆ ನೂರು ಡಾಲರ್ ಮೇಲೆ, ಒಟ್ಟು ಎರಡು ಮೂರು ಪಟ್ಟು ಆದರೂ ಅಚ್ಚರಿಯಿಲ್ಲ. ಆ ದುಡ್ಡಿಗೆ ಕಾರ್ಖಾನೆಯಲ್ಲೇ ಮಾಡಿದ ಹಳೇ ಲಿವಿಂಗ್ ಕ್ವಾರ್ಟರ್ಸ್ ಟ್ರೇಲರ್ ಸಿಕ್ಕರೆ ಅದನ್ನೇ ಕೊಳ್ಳುವುದು ಲಾಭ, ಮಾರುವಾಗ ಅದಕ್ಕೇ ಗಿರಾಕಿ. ಮನೆಯಲ್ಲಿ ಮಾಡಿದ್ದಕ್ಕೆ ಹಾಕಿದ ದುಡ್ಡು ಪೂರ್ತಿ ವಾಪಸು ಬರುವುದು ಅಪರೂಪ.

ಕೆಲಸ ಮುಗಿದ ಮೇಲೆ ಕುದುರೆ, ನೀರು, ಸಾಮಾನು ಎಲ್ಲ ತುಂಬಿಕೊಂಡು ಟ್ರಕ್ ಸ್ಟಾಪ್‌ನ ತೂಕದ ಕಾಟಾಕ್ಕೆ ಒಮ್ಮೆ ಹೋಗಿ ಬನ್ನಿ. ಹೆಚ್ಚೇನೂ ಖರ್ಚಿಲ್ಲ, ಆಕ್ಸಲ್‌ಗೆ ಎಷ್ಟು, ಪಿಕಪ್‌ಗೆ ಎಷ್ಟು ಭಾರ ಬಿದ್ದಿದೆ ಅನ್ನುವ ಚೀಟಿ ಸಿಗುತ್ತದೆ. ವಿಮೆ ಕಂಪನಿಗೂ ತಿಳಿಸಿ. ಬರೀ ಕುದುರೆ ಟ್ರೇಲರ್ ಅಂತ ಮಾಡಿಸಿದ ವಿಮೆಯಲ್ಲಿ ಒಳಗಿನ ಮನೆ ಸೇರಿರದೆ ಇರಬಹುದು. ನೋಂದಣಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇನ್ನೊಂದು ವಿಷಯ: ಮಲಗಲು, ಅಡುಗೆಗೆ, ಶೌಚಕ್ಕೆ ಮೂರಕ್ಕೂ ವ್ಯವಸ್ಥೆ ಇದ್ದರೆ ಅಮೆರಿಕದ ಆದಾಯ ತೆರಿಗೆ ಇಲಾಖೆ ಟ್ರೇಲರನ್ನೂ ‘ಮನೆ’ ಎಂದು ಒಪ್ಪುತ್ತದೆ. ಅದನ್ನು ಕೊಳ್ಳಲು ಅದನ್ನೇ ಅಡವಿಟ್ಟು ಸಾಲ ಮಾಡಿದ್ದರೆ ಬಡ್ಡಿಯನ್ನು ಎರಡನೇ ಮನೆಯ ಲೆಕ್ಕದಲ್ಲಿ ತೋರಿಸಲು ಅವಕಾಶವಿದೆ. ನಿಮಗೆ ಅನ್ವಯಿಸುತ್ತದೋ ಇಲ್ಲವೋ ಎಂದು ತೆರಿಗೆ ಲೆಕ್ಕ ನೋಡುವವರನ್ನು ಕೇಳಿ. ಸಾಮಾನು ಕೊಂಡ ಬಿಲ್‌ಗಳನ್ನು ಮಾತ್ರ ಮೊದಲ ದಿನದಿಂದಲೇ ಒಂದು ಕಡೆ ಎತ್ತಿಡಿ, ವಿಮೆಯವರೂ ಮುಂದೆ ಕೊಳ್ಳುವವರೂ ಅದನ್ನೇ ಕೇಳುವುದು.